ಪಳೆಯುಳಿಕೆ ಸ್ಪಂಜಿನ ಮೇಲೂ ಒಳಗೂ ಕಾಣುವ ಜೀವಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲ್ಲಾದ ಸ್ಪಂಜನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಕೇಳುವುದು ಸ್ಪಂಜಿನ ಬಗ್ಗೆ ಅಲ್ಲ, ಅದರ ಮೈಮೇಲಿನ ಬಿಳಿ ಕೊಳವೆ, ಪುಟ್ಟ ಚಿಪ್ಪು, ತೂತು, ಜಾಲರಿಗಳ ಬಗ್ಗೆ. ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಸುಲಭದವು ಮೊದಲು, ತಲೆಕೆಡಿಸುವವು ಕೊನೆಗೆ.

ಮೊದಲು ತಿಳಿಯಬೇಕಾದದ್ದು

ಮೇಲಿರೋದು ಯಾವ ಜೀವಿ ಅಂತ ತಿಳಿಯೋಕೆ ಕೆಳಗಿರೋದು ಸ್ಪಂಜೇ ಅಂತ ಗೊತ್ತಾಗಲೇಬೇಕಾ?

ಗೊತ್ತಾಗಲೇಬೇಕು. ಆತಿಥೇಯನ ಮೈಕಟ್ಟು ತಿಳಿಯದೆ ಅತಿಥಿಯನ್ನು ಗುರುತಿಸಹೊರಟರೆ ಸ್ಪಂಜಿನದೇ ಅಂಗವೊಂದು ಬೇರೆ ಪ್ರಾಣಿಯಾಗಿ ಕಾಣುತ್ತದೆ. ಹವಳದ ಪ್ರತಿ ಬಟ್ಟಲಿನಲ್ಲೂ ಸಾಮಾನ್ಯವಾಗಿ ನಡುವಿನ ಕಡೆಗೆ ಚಾಚಿದ ತೆಳು ಗೋಡೆಗಳಿರುತ್ತವೆ, ಸ್ಪಂಜಿನಲ್ಲಿ ಅವಿಲ್ಲ. ಸ್ಪಂಜಿನ ಗೋಡೆಯಲ್ಲಿ ನೀರು ಒಳಬರುವ ಅಸಂಖ್ಯ ಸಣ್ಣ ರಂಧ್ರಗಳು, ನೀರು ಹೊರಹೋಗುವ ಕೆಲವೇ ದೊಡ್ಡ ಬಾಯಿಗಳು, ಅವೆರಡನ್ನೂ ಕೂಡಿಸುವ ಕಾಲುವೆಗಳು ಇರುತ್ತವೆ. ಗೋಡೆ ಒಡೆದ ಕಡೆ ಲೆನ್ಸ್ ಇಟ್ಟರೆ ಸ್ಪಿಕ್ಯೂಲ್‌ಗಳ ಜಾಲ ಕಾಣಬಹುದು. ಸ್ಪಿಕ್ಯೂಲ್ ಎಂದರೆ ಸ್ಪಂಜಿನ ಅಸ್ಥಿಪಂಜರದ ಸೂಜಿಗಳು. ಲಂಬಕೋನದಲ್ಲಿ ಕೂಡುವ ಆರು ಕೈಗಳಿದ್ದರೆ ಅದು ಗಾಜುಸ್ಪಂಜು, ಗಂಟುಗಂಟಾಗಿ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಲಿಥಿಸ್ಟಿಡ್ ಎಂಬ ಕಲ್ಲಿನಂತೆ ಗಟ್ಟಿಯಾದ ಸ್ಪಂಜು. ಸ್ಪಿಕ್ಯೂಲ್ ಕಾಣದಿದ್ದರೆ ಸ್ಪಂಜಲ್ಲ ಎಂದು ತಳ್ಳಿಹಾಕಬೇಡಿ. ಮೂಲದಲ್ಲಿ ಸಿಲಿಕಾ ಆಗಿದ್ದದ್ದು ಕರಗಿ ಆ ಜಾಗದಲ್ಲಿ ಕ್ಯಾಲ್ಸೈಟ್ ತುಂಬಿಕೊಳ್ಳುವುದು ತೀರಾ ಸಾಮಾನ್ಯ.

ಇಷ್ಟೊಂದು ತೂತು ಇದೆಯಲ್ಲ, ಇದನ್ನೆಲ್ಲ ಹುಳ ಕೊರೆದಿದ್ದಾ?

ಬಹುಪಾಲು ಅಲ್ಲ. ಒಂದೇ ಅಳತೆಯ ತೂತುಗಳು ಕ್ರಮವಾಗಿ ಹರಡಿದ್ದರೆ, ಅಥವಾ ಸಾಲು ಹಿಡಿದಿದ್ದರೆ, ಅವು ಸ್ಪಂಜಿನ ಸ್ವಂತ ರಂಧ್ರಗಳು. ಮೇಲ್ತುದಿಯ ನಟ್ಟನಡುವೆ ಒಂದು ದೊಡ್ಡ ಗುಂಡಿ ಇದ್ದರೆ ಅದು ನೀರು ಹೊರಹೋಗುವ ಬಾಯಿ. ಕೊರೆತ ಸ್ಪಂಜಿನ ವಿನ್ಯಾಸಕ್ಕೆ ಕಿವಿಗೊಡುವುದಿಲ್ಲ: ಎಲ್ಲಿಯೋ ಒಂದು, ಇನ್ನೆಲ್ಲಿಯೋ ಮೂರು, ಓರೆಯಾಗಿ, ಕಾಲುವೆಗಳನ್ನು ಅಡ್ಡ ಕತ್ತರಿಸಿಕೊಂಡು ಹೋಗಿರುತ್ತದೆ. ಅಂಚು ಚೂಪಾಗಿರುತ್ತದೆ.

ಸ್ಪಂಜಿನ ಮೇಲೆ ಸಾಮಾನ್ಯವಾಗಿ ಏನೇನು ಅಂಟಿಕೊಂಡಿರುತ್ತೆ?

ಅದು ಕಲ್ಲಿನ ವಯಸ್ಸಿನ ಮೇಲೆ ನಿಂತಿದೆ. ಈ ಪುಟದಲ್ಲಿ ಬರುವ ಕಾಲಗಳು ಹಳೆಯದರಿಂದ ಈಚಿನದಕ್ಕೆ: ಕೇಂಬ್ರಿಯನ್, ಆರ್ಡೊವಿಷಿಯನ್, ಡೆವೋನಿಯನ್, ಪರ್ಮಿಯನ್, ಟ್ರಯಾಸಿಕ್, ಜುರಾಸಿಕ್, ಕ್ರಿಟೇಷಿಯಸ್. ಜುರಾಸಿಕ್ ಮತ್ತು ಕ್ರಿಟೇಷಿಯಸ್ ಸ್ಪಂಜುಗಳ ಮೇಲಾದರೆ ಸರ್ಪುಲಿಡ್ ಹುಳುಗಳ ಸುಣ್ಣದ ಕೊಳವೆ, ಬ್ರಯೋಜೋವಾ (ಪುಟ್ಟ ಪ್ರಾಣಿಗಳು ಒತ್ತೊತ್ತಾಗಿ ಕಟ್ಟುವ ವಸಾಹತು), ಸಿಂಪಿ, ಥೆಸಿಡೈಡ್ ಎಂಬ ಪುಟ್ಟ ಬ್ರಾಕಿಯೋಪಾಡ್ (ಸಿಂಪಿಯಂತೆ ಎರಡು ಚಿಪ್ಪಿದ್ದರೂ ಬೇರೆಯೇ ಗುಂಪಿನ ಪ್ರಾಣಿ), ಅಂಟಿಕೊಂಡು ಬೆಳೆಯುವ ಫೋರಾಮಿನಿಫೆರಾ (ಕವಚವಿರುವ ಏಕಕೋಶ ಜೀವಿ), ಜೊತೆಗೆ ಇನ್ನೊಂದು ಸ್ಪಂಜು. ಇಂಗ್ಲೆಂಡಿನ ಫ್ಯಾರಿಂಗ್ಡನ್‌ನ ಸ್ಪಂಜು ಜಲ್ಲಿಯಲ್ಲಿ ರಾಫಿಡೊನೀಮಾ ಎಂಬ ಬಟ್ಟಲಾಕಾರದ ಸುಣ್ಣದ ಸ್ಪಂಜು ಸಿಗುತ್ತದೆ. ಒಳ್ಳೆಯ ಮಾದರಿ ಸಿಕ್ಕರೆ ಒಂದೇ ಬಟ್ಟಲಿನ ಮೇಲೆ ಈ ಪಟ್ಟಿಯ ಹಲವನ್ನು ಒಟ್ಟಿಗೆ ನೋಡಬಹುದು. ಇದಕ್ಕಿಂತ ಬಹಳ ಹಳೆಯ ಕಲ್ಲಿನಲ್ಲಿ, ಅಂದರೆ ಆರ್ಡೊವಿಷಿಯನ್‌ನಿಂದ ಪರ್ಮಿಯನ್‌ವರೆಗೆ, ಪಾತ್ರಧಾರಿಗಳೇ ಬೇರೆ: ಮೈಕ್ರೊಕಾಂಕಿಡ್, ಕಾರ್ನ್ಯುಲೈಟಿಡ್ (ಎರಡೂ ಅಳಿದುಹೋದ ಕೊಳವೆವಾಸಿಗಳು), ಔಲೊಪೊರಾದಂಥ ತೆವಳುವ ಹವಳ, ಸಮುದ್ರಲಿಲ್ಲಿ ಎಂದೂ ಕರೆಯುವ ಕ್ರೈನಾಯ್ಡ್‌ನ ಬುಡ.

ಹಾಗಾಗಿ ಹೆಸರಿನ ಹುಡುಕಾಟ ಶುರುವಾಗಬೇಕಾದದ್ದು ಚಿತ್ರಪುಸ್ತಕದಿಂದಲ್ಲ, ಕಲ್ಲು ಯಾವ ಪದರದ್ದು ಎಂಬುದರಿಂದ.

ನೋಡೋಕೆ ಏನು ಬೇಕು? ವಿನೆಗರ್‌ನಲ್ಲಿ ಅದ್ದಿ ತೊಳೀಬಹುದಾ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸ್, ಒಂದು ಟಾರ್ಚ್, ಮೆತ್ತನೆಯ ಬ್ರಷ್, ನೀರು. ಟಾರ್ಚನ್ನು ಮೇಲಿನಿಂದ ಹಿಡಿಯಬೇಡಿ. ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಪಕ್ಕದಿಂದ ಹಾಯಿಸಿದರೆ ಬರಿಗಣ್ಣಿಗೆ ಕಲೆಯಂತೆ ಕಂಡ ಜಾಗದಲ್ಲಿ ಬ್ರಯೋಜೋವಾದ ಬಾಯಿಗಳು ನೆರಳು ಚೆಲ್ಲಿಕೊಂಡು ಎದ್ದು ಬರುತ್ತವೆ. ಮೈ ಒದ್ದೆ ಮಾಡಿ ನೋಡಿದರೆ ಕಾಲುವೆಗಳು ಚೆನ್ನಾಗಿ ಕಾಣುತ್ತವೆ, ಉಬ್ಬುತಗ್ಗುಗಳು ಒಣಗಿದಾಗಲೇ ಚೆನ್ನ.

ವಿನೆಗರ್ ಬೇಡ. ಅಂಟಿಕೊಂಡಿರುವ ಜೀವಿಗಳಲ್ಲಿ ಹೆಚ್ಚಿನವು ಸುಣ್ಣದವು, ಮೊದಲು ಕರಗಿಹೋಗುವುದು ಅವೇ. ಆಮ್ಲ ಕೆಲಸಕ್ಕೆ ಬರುವುದು ಸ್ಪಂಜೂ ಅತಿಥಿಯೂ ಪೂರ್ತಿ ಸಿಲಿಕಾ ಆಗಿ, ಸುತ್ತಲಿನ ಕಲ್ಲು ಮಾತ್ರ ಸುಣ್ಣವಾಗಿ ಉಳಿದಾಗ. ಟೆಕ್ಸಸ್‌ನ ಗ್ಲಾಸ್ ಮೌಂಟನ್ಸ್‌ನ ಪರ್ಮಿಯನ್ ಸುಣ್ಣಕಲ್ಲನ್ನು ಹೀಗೆ ಕರಗಿಸಿಯೇ ಸೂಜಿಯಷ್ಟು ನವಿರಾದ ಮುಳ್ಳುಗಳಿರುವ ಬ್ರಾಕಿಯೋಪಾಡ್‌ಗಳನ್ನು ಹೊರತೆಗೆದದ್ದು. ಆದರೆ ಅದು ಪ್ರಯೋಗಾಲಯದ ಕೆಲಸ.

ಮೇಲಿರುವವರಿಗೆ ಹೆಸರು ಹಚ್ಚುವುದು

ಎರಡು ಮಿಲಿಮೀಟರ್ ಸುರುಳಿ ಕೊಳವೆ ಇದೆ. ಸ್ಪೈರಾರ್ಬಿಸ್ ಅಂತ ಬರೆದಿಡ್ಲಾ?

ಕಲ್ಲು ಕ್ರಿಟೇಷಿಯಸ್ ಅಥವಾ ಅದಕ್ಕಿಂತ ಈಚಿನದಾದರೆ ಸ್ಪೈರಾರ್ಬಿಡ್ ಎಂದು ಬರೆಯಬಹುದು. ಹಳೆಯದಾದರೆ ಬೇಡ. ಹಳೆಯ ಪುಸ್ತಕಗಳೂ ಸಂಗ್ರಹಾಲಯದ ಲೇಬಲ್‌ಗಳೂ ಪೇಲಿಯೋಜೋಯಿಕ್ (ಕೇಂಬ್ರಿಯನ್‌ನಿಂದ ಪರ್ಮಿಯನ್‌ವರೆಗಿನ) ಸುರುಳಿಗಳನ್ನೆಲ್ಲ ಸ್ಪೈರಾರ್ಬಿಸ್ ಎಂದೇ ಕರೆದಿವೆ. ಅವು ಮೈಕ್ರೊಕಾಂಕಿಡ್‌ಗಳು, ಆರ್ಡೊವಿಷಿಯನ್ ಕೊನೆಯಿಂದ ನಡು ಜುರಾಸಿಕ್‌ವರೆಗೆ ಬದುಕಿ ಅಳಿದ ಬೇರೆಯೇ ಗುಂಪು. ಹೊರನೋಟ ಒಂದೇ ತರಹ, ಕೊಳವೆಯ ಗೋಡೆ ಬೇರೆ: ಮೈಕ್ರೊಕಾಂಕಿಡ್‌ನದು ತೆಳು ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂಥ ಗೋಡೆ, ಹಲವು ಪ್ರಭೇದಗಳಲ್ಲಿ ಅದರ ತುಂಬ ಸೂಕ್ಷ್ಮ ರಂಧ್ರಗಳು. ಇದು ಲೆನ್ಸಿಗೆ ಸಿಗುವುದಿಲ್ಲ, ತೆಳುಸೀಳಿಕೆಯಲ್ಲೋ (ಬೆಳಕು ಹಾಯುವಷ್ಟು ತೆಳ್ಳಗೆ ಸವೆಸಿದ ಕಲ್ಲಿನ ಚೂರು) ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೋ ನೋಡಬೇಕು.

ಸುರುಳಿಯಿಲ್ಲದೆ ಅಂಕುಡೊಂಕಾಗಿ ಹರಿದ ಕೊಳವೆ, ಬೆನ್ನ ಮೇಲೆ ಒಂದೋ ಹಲವೋ ಏಣು, ಕಲ್ಲು ಟ್ರಯಾಸಿಕ್ ನಂತರದ್ದು: ಸರ್ಪುಲಿಡ್ ಎನ್ನಲು ಅಡ್ಡಿಯಿಲ್ಲ. ಕೊಳವೆ ಸುಣ್ಣದ್ದಲ್ಲದೆ ಮರಳಿನ ಕಣ, ಚಿಪ್ಪಿನ ಚೂರುಗಳನ್ನು ಅಂಟಿಸಿ ಕಟ್ಟಿದ್ದಾದರೆ ಅದು ಟೆರೆಬೆಲ್ಲಾ ತರಹದ ಹುಳುವಿನದು. ಜುರಾಸಿಕ್ ಸ್ಪಂಜು ದಿಬ್ಬಗಳಲ್ಲಿ ಇದು ಸಾಮಾನ್ಯ, ಆದರೂ ಸಂಗ್ರಾಹಕರ ಕಣ್ಣು ತಪ್ಪಿಸಿಕೊಳ್ಳುವುದೇ ಹೆಚ್ಚು.

ಜಾಲರಿ ತರಹ ಪದರ ಇದೆ. ಬ್ರಯೋಜೋವಾನಾ, ಸ್ಪಂಜಿನ ಚರ್ಮಾನಾ?

ಪದರದ ಅಂಚಿಗೆ ಹೋಗಿ. ಬ್ರಯೋಜೋವಾ ಒಂದು ಬಿಂದುವಿನಿಂದ ಹೊರಟು ಹರಡುವ ವಸಾಹತು, ಆದ್ದರಿಂದ ಅದಕ್ಕೆ ಸ್ಪಷ್ಟವಾದ ಗಡಿ ಇರುತ್ತದೆ. ಗಡಿಯಲ್ಲಿ ಇನ್ನೂ ಪೂರ್ತಿಯಾಗದ ಮನೆಗಳ ಸಾಲು ಸಿಗುತ್ತದೆ. ಒಳಗಿನ ಪ್ರತಿ ಮನೆಯೂ ಮಿಲಿಮೀಟರಿಗಿಂತ ಚಿಕ್ಕದು, ಹೆಚ್ಚುಕಡಿಮೆ ಒಂದೇ ಅಳತೆಯದು. ಕೊಳವೆಯಾಕಾರದ ಮನೆ, ದುಂಡು ಬಾಯಿ ಇದ್ದರೆ ಸೈಕ್ಲೊಸ್ಟೋಮ್. ಚಪ್ಪಟೆ ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಜೋಡಿಸಿದಂತಿದ್ದರೆ ಕೈಲೊಸ್ಟೋಮ್. ಎರಡನೆಯದು ಜುರಾಸಿಕ್ ಕೊನೆಗೆ ಮೊದಲು ಕಾಣಿಸಿಕೊಂಡ ಗುಂಪು, ಡೆವೋನಿಯನ್ ಸ್ಪಂಜಿನ ಮೇಲೆ ಅದು ಇರಲಾರದು.

ಸ್ಪಂಜಿನ ಚರ್ಮಕ್ಕೆ ಇಂಥ ಗಡಿ ಇಲ್ಲ, ಅದು ಕೆಳಗಿನ ಗೋಡೆಯ ಜೊತೆ ಒಂದಾಗಿ ಹೋಗುತ್ತದೆ. ಆದರೆ ಒಂದು ಸ್ಪಂಜು ಇನ್ನೊಂದರ ಮೇಲೆ ಹಬ್ಬಿದ್ದರೆ? ನ್ಯೂರೊಪೊರಾ ಇಲ್ಲಿಯ ಹಳೆಯ ತಂಟೆ. ಬಹುಕಾಲ ಅದನ್ನು ಬ್ರಯೋಜೋವಾ ಎಂದೇ ಎಣಿಸಿದ್ದರು, ಈಗ ಸ್ಪಂಜುಗಳ ಸಾಲಿನಲ್ಲಿದೆ. ಅದರ ಮೇಲ್ಮೈಯಲ್ಲಿ ನಕ್ಷತ್ರದ ಕಿರಣಗಳಂತೆ ಹರಡಿದ ಗೀರುಗಳಿರುತ್ತವೆ. ನೀರು ಹೊರಹೋಗುವ ಕಾಲುವೆಗಳ ಗುರುತು ಅವು.

ಅಂಟಿಕೊಂಡಿರೋ ಚಿಪ್ಪು ಸಿಂಪಿನಾ, ಬ್ರಾಕಿಯೋಪಾಡಾ?

ಥೆಸಿಡೈಡ್ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಉದ್ದ, ಎಡಬಲ ಒಂದೇ ಸಮ, ಬುಡದಲ್ಲಿ ನೇರ ಕೀಲುರೇಖೆ. ಸಿಂಪಿ ಅಡ್ಡಾದಿಡ್ಡಿ, ಜಾಗ ಸಿಕ್ಕಂತೆ ಹರಡುತ್ತದೆ, ಪದರಪದರವಾಗಿ ಏಳುತ್ತದೆ. ಮೇಲಿನ ಚಿಪ್ಪು ಬಿದ್ದುಹೋಗಿ ಅಂಟಿದ ಚಿಪ್ಪಿನ ಒಳಮೈ ಕಾಣುತ್ತಿದ್ದರೆ ಇನ್ನೂ ಸುಲಭ: ಸಿಂಪಿಗೆ ಒಂದೇ ದೊಡ್ಡ ಸ್ನಾಯುಗುರುತು, ಕ್ರೇನಿಯಾ ಗುಂಪಿನ ಬ್ರಾಕಿಯೋಪಾಡ್‌ಗೆ ಎರಡು ಜೊತೆ.

ಬಿಡಿಯಾಗಿ ಸಿಕ್ಕ ಸಿಂಪಿಯನ್ನೂ ತಿರುಗಿಸಿ ನೋಡಿ. ಅಂಟಿಕೊಂಡಿದ್ದ ಜಾಗದಲ್ಲಿ ಕೆಳಗಿದ್ದ ಸ್ಪಂಜಿನ ಏರುತಗ್ಗು ಅಚ್ಚೊತ್ತಿರುತ್ತದೆ. ಸ್ಪಂಜು ಎಂದೋ ಕರಗಿಹೋಗಿದ್ದರೂ ಅದರ ಮೇಲೆ ಬದುಕಿದ್ದಕ್ಕೆ ಆ ಅಚ್ಚೇ ದಾಖಲೆ.

ಮೈಮೇಲೆಲ್ಲ ಉಂಗುರದೊಳಗೆ ಉಂಗುರ. ಇನ್ನೊಂದರಲ್ಲಿ ಜರೀಗಿಡದ ಹಾಗೆ ಕಪ್ಪು ರೇಖೆ. ಯಾವ ಜೀವಿ?

ಎರಡೂ ಜೀವಿಗಳಲ್ಲ. ಉಂಗುರಗಳು ಬೀಕೈಟ್, ಸುಣ್ಣದ ಪಳೆಯುಳಿಕೆ ಸಿಲಿಕಾ ಆಗಿ ಮಾರ್ಪಡುವಾಗ ಮೂಡುವ ವಿನ್ಯಾಸ. ಕಪ್ಪು ಜರೀಗಿಡ ಮ್ಯಾಂಗನೀಸ್ ಆಕ್ಸೈಡ್, ಬಿರುಕಿನಲ್ಲಿ ನೀರು ಹರಿದು ಬಿಟ್ಟುಹೋದದ್ದು.

ಕಡಲತೀರದಲ್ಲಿ ಸಿಕ್ಕ ಕಲ್ಲುಸ್ಪಂಜಿನ ಮೇಲೆ ಹುಳದ ಕೊಳವೆ ಇದೆ. ಅದೂ ಅಷ್ಟೇ ಹಳೇದಾ?

ಬಹುಶಃ ಅಲ್ಲ. ಅಲೆ ಉರುಳಿಸಿ ನುಣುಪು ಮಾಡಿದ ಮೇಲ್ಮೈಯ ಮೇಲೆ, ಅಥವಾ ಕಲ್ಲು ಒಡೆದ ಮುಖದ ಮೇಲೆ ಕೊಳವೆ ಕೂತಿದ್ದರೆ ಅದು ಕಲ್ಲು ಸಮುದ್ರಕ್ಕೆ ಬಿದ್ದ ಮೇಲೆ ಬಂದದ್ದು. ಈಗಿನ ಸರ್ಪುಲಿಡ್, ಬಂಡೆಗೆ ಅಂಟಿ ಬದುಕುವ ಬಾರ್ನಕಲ್, ಬ್ರಯೋಜೋವಾಗಳು ಚಕಮಕಿ ಕಲ್ಲಿನ ಮೇಲೆ ಧಾರಾಳವಾಗಿ ಬೆಳೆಯುತ್ತವೆ. ಹಳೆಯದಾದರೆ ಎಲ್ಲಾದರೂ ಒಂದು ಕಡೆ ಮೂಲ ಕಲ್ಲಿನ ಕೆಳಗೆ ನುಗ್ಗಿಹೋಗಿರಬೇಕು, ಅಥವಾ ಸ್ಪಂಜಿನ ಜೊತೆಗೇ ಸವೆದಿರಬೇಕು.

ಒಳಗೆ ಸಿಗುವವು

ಸ್ಪಂಜಿನ ಹೊಟ್ಟೇಲಿ ಚಿಪ್ಪು ಸಿಕ್ಕಿದೆ. ತಿಂದಿದ್ದಾ?

ಸ್ಪಂಜಿಗೆ ಹೊಟ್ಟೆಯೇ ಇಲ್ಲ. ನಡುವಿನ ಟೊಳ್ಳು ನೀರು ಹೊರಹೋಗುವ ದಾರಿ. ಆಹಾರ ಬ್ಯಾಕ್ಟೀರಿಯಾದಂಥ ಸೂಕ್ಷ್ಮ ಕಣಗಳು, ಅವನ್ನು ಗೋಡೆಯಲ್ಲಿಯೇ ಸೋಸಿಕೊಳ್ಳುತ್ತದೆ. ಸಣ್ಣ ಕಠಿಣಚರ್ಮಿಗಳನ್ನು (ಸೀಗಡಿಯ ಬಳಗದವು) ಹಿಡಿದು ತಿನ್ನುವ ಸ್ಪಂಜುಗಳೂ ಇವೆ ಎಂದು 1995ರಲ್ಲಿ ಪ್ರಕಟವಾದದ್ದು ನಿಜ, ಆದರೆ ಅವು ಚಿಪ್ಪನ್ನು ನಡುವಿನ ಟೊಳ್ಳಿಗೆ ನುಂಗುವ ಜಾತಿಯಲ್ಲ.

ಟೊಳ್ಳಿನೊಳಗಿನ ಚಿಪ್ಪಿಗೆ ಮೂರು ವಿವರಣೆ ಉಳಿಯುತ್ತವೆ: ಸತ್ತ ಸ್ಪಂಜಿನೊಳಗೆ ಕೆಸರಿನ ಜೊತೆ ಕೊಚ್ಚಿಬಂದು ಬಿದ್ದದ್ದು, ಸತ್ತ ಮೇಲೆ ಅದನ್ನೇ ಗುಹೆ ಮಾಡಿಕೊಂಡು ನೆಲೆಸಿದ್ದು, ಬದುಕಿರುವಾಗಲೇ ಬಾಡಿಗೆಗೆ ಬಂದದ್ದು. ಚಿಪ್ಪುಗಳು ಒಡೆದು, ನಾನಾ ಜಾತಿ ಬೆರೆತು, ಸುತ್ತಲ ಕಲ್ಲಿನಲ್ಲಿರುವುದೇ ಒಳಗೂ ಇದ್ದರೆ ಮೊದಲನೆಯದು. ಒಳಗೋಡೆಗೇ ಬುಡ ಅಂಟಿಸಿಕೊಂಡು ನಿಂತಿದ್ದರೆ ಎರಡನೆಯದಿರಬಹುದು. ಮೂರನೆಯದಕ್ಕೆ ಗಟ್ಟಿ ಸಾಕ್ಷಿ ಬೇಕು, ಅದನ್ನು ಕೆಳಗೆ ನೋಡೋಣ.

ಟೊಳ್ಳು ಚಕಮಕಿ ಕಲ್ಲು ಒಡೆದರೆ ಬಿಳಿ ಪುಡಿ ಸುರೀತು. ಎಸೆದುಬಿಡ್ಲಾ?

ಖಂಡಿತ ಬೇಡ. ಸೀಮೆಸುಣ್ಣದ ಪದರಗಳ ಚಕಮಕಿ ಕಲ್ಲು ಹಲವು ಸಲ ಸ್ಪಂಜಿನ ಸುತ್ತ ಕಟ್ಟಿಕೊಂಡಿರುತ್ತದೆ. ಆ ಸಿಲಿಕಾದ ದೊಡ್ಡ ಪಾಲೂ ಕರಗಿದ ಸ್ಪಿಕ್ಯೂಲ್‌ಗಳದ್ದೇ. ಒಳಗೆ ಗಟ್ಟಿಯಾಗದೆ ಉಳಿದ ಪುಡಿಯನ್ನು ಕಾಗದದ ಮೇಲೆ ಸುರಿದುಕೊಂಡು, ನವಿರಾದ ಜರಡಿಯಲ್ಲಿ ಮೆಲ್ಲಗೆ ನೀರು ಬಿಟ್ಟು, ಒಣಗಿಸಿ, ಕಪ್ಪು ತಟ್ಟೆಯಲ್ಲಿ ಹರಡಿ ಸೂಕ್ಷ್ಮದರ್ಶಕದ ಕೆಳಗಿಡಿ. ಮೂರು, ನಾಲ್ಕು, ಆರು ಕೈಯ ಸ್ಪಿಕ್ಯೂಲ್‌ಗಳು, ಫೋರಾಮಿನಿಫೆರಾ, ಪುಟ್ಟ ಕಠಿಣಚರ್ಮಿಯಾದ ಆಸ್ಟ್ರಕಾಡ್‌ನ ಹುರುಳಿಯಾಕಾರದ ಕವಚ, ಬ್ರಯೋಜೋವಾದ ತುಂಡುಗಳು ಸಿಗುತ್ತವೆ.

ಇವೆಲ್ಲ ಸ್ಪಂಜಿನೊಳಗೆ ವಾಸವಾಗಿದ್ದವು ಎಂದು ಮಾತ್ರ ಬರೆಯಬೇಡಿ. ಅದು ಆ ಕಾಲದ ಸಮುದ್ರತಳದ ಕೆಸರು, ಗಟ್ಟಿ ಕವಚದೊಳಗೆ ಸಿಕ್ಕಿಕೊಂಡು ಉಳಿಯಿತು ಅಷ್ಟೆ. ಸಿಕ್ಕ ಸ್ಪಿಕ್ಯೂಲ್‌ಗಳೆಲ್ಲ ಒಂದೇ ಸ್ಪಂಜಿನವು ಎಂಬ ಖಾತ್ರಿಯೂ ಇಲ್ಲ.

ಕೊಳವೆ ಒಳಗೇ ಹೂತುಹೋಗಿದೆ. ಕೊರೆದು ಹೋಗಿದ್ದಾ, ಸ್ಪಂಜೇ ಸುತ್ತ ಬೆಳೆದಿದ್ದಾ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಿದ್ದರೆ ಇದನ್ನು ಓದಿ. ಕೊಳವೆಯನ್ನು ಬಿಟ್ಟು ಅದರ ಗೋಡೆಗೂ ಸ್ಪಂಜಿಗೂ ನಡುವಿನ ಗೆರೆಯನ್ನು ದಿಟ್ಟಿಸಬೇಕು.

ಕೊರೆತವಾದರೆ ಸ್ಪಂಜಿನ ನಾರು, ಪದರ, ಕಾಲುವೆಗಳೆಲ್ಲ ಆ ಗೆರೆಗೆ ಬಂದು ಕಡಿದು ನಿಲ್ಲುತ್ತವೆ. ಆಚೆ ಬದಿಯಲ್ಲಿ ಅದೇ ಪದರ ಅದೇ ಮಟ್ಟದಲ್ಲಿ ಮುಂದುವರಿಯುತ್ತದೆ. ನಡುವೆ ಯಾರೋ ತೆಗೆದುಹಾಕಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸ್ಪಂಜು ಸುತ್ತ ಬೆಳೆದದ್ದಾದರೆ ಪದರಗಳು ಕೊಳವೆಯ ಹತ್ತಿರ ಬಂದಂತೆ ಮೇಲಕ್ಕೋ ಕೆಳಕ್ಕೋ ಬಾಗುತ್ತವೆ, ಮರ ತಂತಿಬೇಲಿಯನ್ನು ನುಂಗಿಕೊಂಡು ಬೆಳೆದ ಹಾಗೆ. ಹೀಗೆ ಬಾಗಿದ್ದರೆ ಇಬ್ಬರೂ ಒಂದೇ ಕಾಲಕ್ಕೆ ಜೀವಂತವಾಗಿದ್ದರು ಎಂಬುದು ಖಚಿತ. ಅತಿಥಿಯ ಮೈ ಮೃದುವಾಗಿದ್ದು ಕೊಳೆತುಹೋಗಿದ್ದರೂ ಅವನಿದ್ದ ಜಾಗ ಟೊಳ್ಳಾಗಿ ಉಳಿಯುತ್ತದೆ. ಇದಕ್ಕೆ ಬಯೋಕ್ಲಾಸ್ಟ್ರೇಷನ್ ಎಂದು ಹೆಸರು.

ಮೂರನೆಯ ಸಾಧ್ಯತೆಯೂ ಉಂಟು. ಕೊಳವೆ ಮೊದಲು ಸ್ಪಂಜಿನ ಹೊರಮೈಗೆ ಅಂಟಿಕೊಂಡಿತ್ತು, ಆಮೇಲೆ ಸ್ಪಂಜು ಪಕ್ಕದಿಂದ ಹಬ್ಬಿ ಅದನ್ನು ಮುಚ್ಚಿತು. ಆಗ ಕೊಳವೆಯ ಕೆಳಗಿನ ಪದರಗಳು ನೇರವಾಗಿಯೇ ಇದ್ದು ಮೇಲಿನವು ಮಾತ್ರ ಉಬ್ಬುತ್ತವೆ.

ಪೊರೋಸ್ಫೇರಾ ಗುಂಡಿನಲ್ಲಿ ಆರುಪಾರಾದ ತೂತು. ಮಣಿ ಮಾಡೋಕೆ ಮನುಷ್ಯರು ಕೊರೆದಿದ್ದಾ?

ಕ್ರಿಟೇಷಿಯಸ್ ಸೀಮೆಸುಣ್ಣದಲ್ಲಿ ಸಿಗುವ ಗೋಲಿಯಾಕಾರದ ಈ ಸುಣ್ಣದ ಸ್ಪಂಜಿಗೆ ಕಲ್ಲಿನ ಪದರದಲ್ಲಿರುವಾಗಲೇ ತೂತು ಇರುತ್ತದೆ, ಆದ್ದರಿಂದ ತೂತು ಇದೆ ಎಂಬುದೊಂದೇ ಮನುಷ್ಯರ ಕೈವಾಡಕ್ಕೆ ಸಾಕ್ಷಿಯಾಗದು. ಮಾಡಿದ್ದು ಯಾರು ಎಂಬುದಕ್ಕೆ ಎರಡು ವಾದ: ಸ್ಪಂಜು ಯಾವುದೋ ಕಡ್ಡಿಯಂಥದ್ದರ ಸುತ್ತ ಬೆಳೆದು ಆ ಕಡ್ಡಿ ಕೊಳೆತದ್ದು ಒಂದು, ಸೈಪನ್‌ಕ್ಯುಲಿಡ್ ತರಹದ ಹುಳು ಕೊರೆದು ಆ ಗುಂಡನ್ನೇ ಹೊತ್ತು ತಿರುಗಿದ್ದು ಇನ್ನೊಂದು. ಕೈಯಲ್ಲಿರುವ ಮಾದರಿಗೆ ಯಾವುದು ಒಪ್ಪುತ್ತದೆ ಎಂಬುದನ್ನು ಒಡೆದ ಗುಂಡಿನಲ್ಲಿ ನೋಡಬಹುದು. ಸ್ಪಂಜಿನ ನಾರುಗಳು ಕೇಂದ್ರದಿಂದ ಹೊರಕ್ಕೆ ಕಿರಣಗಳಂತೆ ಹರಡಿರುತ್ತವೆ. ತೂತು ಅವನ್ನು ಕಡಿದು ಹೋಗಿದೆಯೋ, ಅವು ತೂತಿನ ಸುತ್ತಲಿಂದಲೇ ಹೊರಡುತ್ತವೆಯೋ ಎಂದು ಪರೀಕ್ಷಿಸಿ.

ಡೆವೋನಿಯನ್ ಸ್ಟ್ರೊಮ್ಯಾಟೊಪೊರಾಯ್ಡ್ ಒಳಗೆ ನೂರಾರು ಕೊಳವೆ ನೆಟ್ಟಗೆ ನಿಂತಿವೆ. ಅದರದ್ದೇ ಅಂಗಾನಾ?

ಹಳಬರು ಹಾಗೆಯೇ ತಿಳಿದು ಇಂಥ ಕಲ್ಲಿಗೆ ಕೌನೊಪೊರಾ ಎಂದು ಪ್ರತ್ಯೇಕ ಕುಲನಾಮವನ್ನೇ ಕೊಟ್ಟಿದ್ದರು. ಅದು ಒಂದು ಜೀವಿಯಲ್ಲ, ಎರಡು: ಪದರಪದರವಾಗಿ ಸುಣ್ಣ ಕಟ್ಟುವ, ಈಗ ಸ್ಪಂಜೆಂದು ಎಣಿಸುವ ಸ್ಟ್ರೊಮ್ಯಾಟೊಪೊರಾಯ್ಡ್ ಒಂದು, ಅದರ ಜೊತೆಜೊತೆಗೇ ಮೇಲಕ್ಕೆ ಬೆಳೆದ ಸಿರಿಂಗೊಪೊರಾ ಜಾತಿಯ ಹವಳ ಇನ್ನೊಂದು. ಅಡ್ಡ ಕೊಯ್ದು ನಯಗೊಳಿಸಿದ ಮುಖದಲ್ಲಿ ಪ್ರತಿ ಕೊಳವೆಗೂ ತನ್ನದೇ ದಪ್ಪ ಗೋಡೆ, ಒಳಗೆ ಆಲಿಕೆಯಾಕಾರದ ಅಡ್ಡತೆರೆಗಳು, ಕೊಳವೆಯಿಂದ ಕೊಳವೆಗೆ ಅಲ್ಲಲ್ಲಿ ಸೇತುವೆ ಕಾಣುತ್ತವೆ. ಸ್ಪಂಜಿಗೆ ಇಂಥ ಗೋಡೆ ಇರುವುದಿಲ್ಲ.

ಸ್ಟ್ರೊಮ್ಯಾಟೊಪೊರಾಯ್ಡ್‌ಗಳನ್ನು ಸ್ಪಂಜುಗಳ ಗುಂಪಿಗೆ ಸೇರಿಸುವ ವಾದಕ್ಕೆ ಬಲ ಬಂದದ್ದು 1970ರಲ್ಲಿ, ಹಾರ್ಟ್‌ಮನ್ ಮತ್ತು ಗೊರೊ ಜಮೈಕಾದ ಕಡಲಿನ ಗಟ್ಟಿ ಸುಣ್ಣದ ಬುಡವಿರುವ ಜೀವಂತ ಸ್ಪಂಜುಗಳನ್ನು ವಿವರಿಸಿದ ಮೇಲೆ. ಅದಕ್ಕೂ ಹಿಂದಿನ ಪುಸ್ತಕ ಹಿಡಿದು ಕೂತರೆ ಆತಿಥೇಯನೇ ಬೇರೆ ಗುಂಪಿನಲ್ಲಿರುತ್ತಾನೆ.

ಕೊರೆದವನ ಹೆಸರು ಹೇಳೋಕೆ ಆಗುತ್ತಾ?

ಸಾಮಾನ್ಯವಾಗಿ ತೂತಿಗೆ ಹೆಸರು ಕೊಡಬಹುದು, ಕೊರೆದವನಿಗಲ್ಲ. ಒಂದೇ ಬಾಯಿಯ ನೇರ ಕೊಳವೆ ಟ್ರಿಪನೈಟಿಸ್. ಕಿರಿದಾದ ಕುತ್ತಿಗೆ, ಕೆಳಗೆ ಉಬ್ಬಿದ ಹೂಜಿಯ ಆಕಾರ ಇದ್ದರೆ ಗ್ಯಾಸ್ಟ್ರೊಕೀನೊಲೈಟಿಸ್, ಹೆಚ್ಚಾಗಿ ದ್ವಿಕವಾಟಿಗಳ (ಸಿಂಪಿಯಂಥ ಎರಡು ಚಿಪ್ಪಿನ ಮೃದ್ವಂಗಿ) ಕೆಲಸ. ಚಿಕ್ಕ ಕೋಣೆಗಳು ಸಪೂರ ಓಣಿಗಳಿಂದ ಕೂಡಿದ್ದರೆ ಎಂಟೋಬಿಯಾ, ಅಂದರೆ ಕೊರೆಯುವ ಸ್ಪಂಜು. ಸ್ಪಂಜನ್ನು ಸ್ಪಂಜು ಕೊರೆಯುವುದು ವಿಚಿತ್ರವೆನಿಸಿದರೂ ಸುಣ್ಣದ ಸ್ಪಂಜಿನಲ್ಲಿ ಅದು ಸಾಧ್ಯ. ಸಣ್ಣ ಸೀಳುಬಾಯಿಯ ಗುಳಿ ರೊಜೆರೆಲ್ಲಾ, ಕೊರೆಯುವ ಬಾರ್ನಕಲ್‌ಗಳದ್ದು.

ಹೂಜಿಯೊಳಗೆ ದ್ವಿಕವಾಟಿ ಸಿಕ್ಕರೂ ಅದೇ ಕೊರೆದದ್ದು ಎಂದು ದುಡುಕಬಾರದು. ಖಾಲಿ ಬಿದ್ದ ತೂತಿಗೆ ಬೇರೆಯವರು ಬಂದು ಸೇರಿಕೊಳ್ಳುತ್ತಾರೆ. ಚಿಪ್ಪಿನ ಆಕಾರ ತೂತಿಗೆ ಸರಿಯಾಗಿ ಹೊಂದಿದರೆ ಮಾತ್ರ ಇಬ್ಬರನ್ನೂ ಜೋಡಿಸಿ.

ಇನ್ನೂ ಆಳಕ್ಕೆ

ಮೇಲೆ ಅಂಟಿಕೊಂಡಾಗ ಸ್ಪಂಜು ಬದುಕಿತ್ತಾ, ಸತ್ತಿತ್ತಾ? ಹೇಗೆ ಹೇಳೋದು?

ಅತಿಥಿ ಎಲ್ಲೆಲ್ಲಿ ಕೂತಿದ್ದಾನೆ ಎಂಬುದರ ನಕ್ಷೆ ಬರೆದುಕೊಳ್ಳಿ. ನೀರಿನ ರಂಧ್ರಗಳನ್ನೂ ಮೇಲಿನ ಬಾಯಿಯನ್ನೂ ಮುಚ್ಚಿಕೊಂಡು ಬೆಳೆದಿದ್ದರೆ, ಟೊಳ್ಳಿನ ಒಳಗೋಡೆಯ ಮೇಲಿದ್ದರೆ, ಮುರಿದ ಅಂಚಿನ ಮೇಲೂ ಹಬ್ಬಿದ್ದರೆ ಸ್ಪಂಜು ಆಗಲೇ ಸತ್ತಿತ್ತು. ರಂಧ್ರಗಳಿರುವ ಜಾಗ ಬಿಟ್ಟು ಬುಡದ ಕಡೆ ಮಾತ್ರ ಕೂತಿದ್ದರೆ ಬದುಕಿದ್ದಿರಬಹುದು.

ಜರ್ಮನಿಯ ಸ್ವಾಬಿಯನ್ ಮತ್ತು ಫ್ರಾಂಕೋನಿಯನ್ ಬೆಟ್ಟಸಾಲಿನ ಜುರಾಸಿಕ್ ಸ್ಪಂಜುಗಳು ಇದಕ್ಕೆ ಒಳ್ಳೆಯ ಪಾಠ. ಅಲ್ಲಿಯ ತಟ್ಟೆಯಾಕಾರದ ಸ್ಪಂಜುಗಳ ಮೇಲ್ಮುಖವನ್ನು ಹೆಚ್ಚಾಗಿ ಸೂಕ್ಷ್ಮಜೀವಿಗಳು ಕಟ್ಟಿದ ಸುಣ್ಣದ ಹೊರಪದರ ಆವರಿಸಿರುತ್ತದೆ. ಸರ್ಪುಲಿಡ್, ಬ್ರಯೋಜೋವಾ, ಪುಟ್ಟ ಬ್ರಾಕಿಯೋಪಾಡ್‌ಗಳು ತುಂಬಿರುವುದು ಕೆಳಮುಖದಲ್ಲಿ. ಕೆಸರು ಬೀಳದ, ನೆರಳಿನ ಚಾವಣಿ ಅದು. ಮಾದರಿಯ ಮೇಲೆ ಕೆಳಗೆ ಯಾವುದೆಂದು ಕಲ್ಲಿನಿಂದ ಬಿಡಿಸುವ ಮುಂಚೆಯೇ ಗುರುತು ಹಾಕಿಕೊಳ್ಳದಿದ್ದರೆ ಈ ಸಂಗತಿ ಪೂರ್ತಿ ಕಳೆದುಹೋಗುತ್ತದೆ.

ಜೀವಂತ ಸಹವಾಸಕ್ಕೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಕೆನಡಾದ ಬರ್ಜೆಸ್ ಶೇಲ್‌ನ ಪಿರಾನಿಯಾ. ಸುಮಾರು 50 ಕೋಟಿ ವರ್ಷ ಹಳೆಯ ಈ ಸ್ಪಂಜಿನ ಮೈಯಿಂದ ಉದ್ದನೆಯ ಸ್ಪಿಕ್ಯೂಲ್‌ಗಳು ಚಾಚಿರುತ್ತವೆ. ಅವುಗಳ ಮೇಲೆ ಮೈಕ್ರೊಮಿಟ್ರಾ ಎಂಬ ಪುಟ್ಟ ಬ್ರಾಕಿಯೋಪಾಡ್ ಅಂಟಿಕೊಂಡಿರುವ ಮಾದರಿಗಳಿವೆ. ಕೆಸರಿನಿಂದ ಮೇಲೆ, ಹರಿಯುವ ನೀರಿನಲ್ಲಿ ಜಾಗ ಸಿಕ್ಕಿತ್ತು ಅದಕ್ಕೆ.

ಈಗಿನ ಸ್ಪಂಜುಗಳೊಳಗೆ ಸೀಗಡಿ, ಹುಳು ಎಲ್ಲ ಇರ್ತವೆ. ಪಳೆಯುಳಿಕೇಲಿ ಯಾಕೆ ಸಿಗಲ್ಲ?

ಇಂದು ಯೂಪ್ಲೆಕ್ಟೆಲ್ಲಾ ಗಾಜುಸ್ಪಂಜಿನೊಳಗೆ ಸ್ಪಾಂಜಿಕೋಲಾ ಸೀಗಡಿಯ ಜೋಡಿ ಬದುಕು ಕಳೆಯುತ್ತದೆ. ಸಿನಾಲ್ಫಿಯಸ್ ಸೀಗಡಿಗಳಲ್ಲಿ ಒಂದು ಪ್ರಭೇದ ಸ್ಪಂಜಿನೊಳಗೆ ಜೇನ್ನೊಣಗಳಂತೆ ಒಬ್ಬಳೇ ರಾಣಿಯಿರುವ ಸಮಾಜವನ್ನೇ ಕಟ್ಟುತ್ತದೆ ಎಂದು 1996ರಲ್ಲಿ ವರದಿಯಾಯಿತು. ಆದರೆ ಸೀಗಡಿಯ ಕವಚ ತೆಳು, ಬೇಗ ಬಿಡಿಬಿಡಿಯಾಗುತ್ತದೆ. ಎಷ್ಟೋ ಸ್ಪಂಜುಗಳೂ ಸತ್ತೊಡನೆ ಕುಸಿದು ಸ್ಪಿಕ್ಯೂಲ್‌ಗಳ ರಾಶಿಯಾಗುತ್ತವೆ. ಮನೆಯೂ ಇಲ್ಲ, ಒಕ್ಕಲೂ ಇಲ್ಲ. ಸ್ಪಂಜಿನಲ್ಲಿ ಹುದುಗಿ ಬಾಳುವ ಅಕಾಸ್ಟಾ ಬಾರ್ನಕಲ್‌ಗೆ ಗಟ್ಟಿ ಫಲಕಗಳಿವೆ, ಆದರೆ ಸ್ಪಂಜು ಕೊಳೆತ ಮೇಲೆ ಅವೂ ಚದುರಿಹೋಗುತ್ತವೆ. ಹೀಗಾಗಿ ನಮಗೆ ಸಿಗುವ ಅತಿಥಿಗಳ ಪಟ್ಟಿ ಗಟ್ಟಿ ಮೈಯವರ ಕಡೆಗೆ ವಾಲಿದ ಪಟ್ಟಿ.

ಇಂಥ ಸಹವಾಸ ಎಷ್ಟು ಹಳೇದು?

ಸ್ಪಂಜುಗಳು ಮೊದಲ ದಿಬ್ಬಗಳನ್ನು ಕಟ್ಟಿದಷ್ಟೇ ಹಳೆಯದು. ಆರಂಭಿಕ ಕೇಂಬ್ರಿಯನ್‌ನ ಆರ್ಕಿಯೋಸಯಾತ್ ಸ್ಪಂಜುಗಳ ಮೇಲೆ ರೆನಾಲ್ಸಿಸ್, ಎಪಿಫೈಟಾನ್ ಎಂಬ ಸೂಕ್ಷ್ಮಜೀವಿ ರಚನೆಗಳು ಹಬ್ಬಿವೆ. ಲ್ಯಾಬ್ರಡಾರ್‌ನ ಇಂಥ ದಿಬ್ಬಗಳಲ್ಲಿ ಟ್ರಿಪನೈಟಿಸ್ ಕೊರೆತಗಳಿರುವುದು 1977ರಲ್ಲಿ ಪ್ರಕಟವಾಯಿತು.

ಕತ್ತರಿಸದೆ ಒಳಗೆ ನೋಡೋಕೆ ದಾರಿ ಇದೆಯಾ?

ಮೈಕ್ರೊ ಸಿಟಿ ಸ್ಕ್ಯಾನ್ ಇದೆ, ಆದರೆ ಅದು ನೋಡುವುದು ಸಾಂದ್ರತೆಯ ವ್ಯತ್ಯಾಸವನ್ನು. ಪೈರೈಟ್ ಎಂಬ ಕಬ್ಬಿಣದ ಖನಿಜ ತುಂಬಿದ ಕೊಳವೆ ಹೊಳೆದು ಕಾಣುತ್ತದೆ. ಕ್ಯಾಲ್ಸೈಟ್ ಸ್ಪಂಜಿನೊಳಗೆ ಕ್ಯಾಲ್ಸೈಟ್ ಕೊಳವೆ, ಸುತ್ತ ಕ್ಯಾಲ್ಸೈಟ್ ಸಿಮೆಂಟು ಎಂದಾದರೆ ಎಲ್ಲ ಒಂದೇ ಬೂದು. ಅಂಥ ಕಡೆ ಒಂದು ಮುಖ ನಯಗೊಳಿಸಿ ಅಸಿಟೇಟ್ ಹಾಳೆಯ ಅಚ್ಚು ತೆಗೆಯುವುದೋ ತೆಳುಸೀಳಿಕೆ ಮಾಡುವುದೋ ಮೇಲು. ಕೊಯ್ಯುವ ಮುನ್ನ ಎಲ್ಲ ಬದಿಯ ಫೋಟೋ ತೆಗೆದಿಡಿ.

ಖಚಿತವಾಗಿ ಗೊತ್ತಾಗದಿದ್ರೆ ಲೇಬಲ್‌ನಲ್ಲಿ ಏನು ಬರೀಲಿ?

ಕಂಡದ್ದನ್ನು, ಕಂಡಷ್ಟೇ. “ಸರ್ಪುಲಿಡ್ ಕೊಳವೆ, ಸ್ಪಂಜಿನ ಕೆಳಮುಖದಲ್ಲಿ, ಸ್ಪಂಜಿನ ಪದರ ಮೇಲೆ ಹಬ್ಬಿದೆ” ಎಂಬ ಸಾಲು ಊಹೆಯ ಪ್ರಭೇದನಾಮಕ್ಕಿಂತ ಹೆಚ್ಚು ಬೆಲೆಯದು. ಹೋಲುತ್ತದೆ ಎನಿಸಿದರೆ ಕುಲನಾಮದ ನಂತರ, ಪ್ರಭೇದನಾಮದ ಮುಂಚೆ ‘ಸಿಎಫ್.’ (cf., ‘ಹೋಲಿಸಿ ನೋಡಿ’ ಎಂಬ ಲ್ಯಾಟಿನ್ ಪದದ ಸಂಕ್ಷೇಪ) ಸೇರಿಸಿ. ಆತಿಥೇಯನ ಹೆಸರು, ಅತಿಥಿಯ ಹೆಸರು, ಇಬ್ಬರ ಸಂಬಂಧ, ಸಿಕ್ಕ ಜಾಗ, ಪದರ ಇವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಮುಂದೆ ಯಾರಾದರೂ ಒಂದನ್ನು ತಿದ್ದಿದರೆ ಉಳಿದವು ಹಾಗೆಯೇ ನಿಲ್ಲುತ್ತವೆ. ಅತಿಥಿಯನ್ನು ಸ್ಪಂಜಿನಿಂದ ಬಿಡಿಸಿ ಬೇರೆ ಪೆಟ್ಟಿಗೆಗೆ ಹಾಕುವ ಆಸೆ ಮಾತ್ರ ಬೇಡ.